ಇಗರ್ಜಿಯ (ಚರ್ಚಿನ) ಹಳೆ ಪುಸ್ತಕಗಳಲ್ಲಿ ಹಿರಿಯರನ್ನು ಹುಡುಕುತ್ತಿದ್ದೇನೆ, 1832ರಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ

ಕಾಪು_ಕ್ರಾಸ್:
ಎಲ್ಲರಿಗೂ ನಮಸ್ಕಾರ. ನಾವು ಉಡುಪಿ ಕಡೆಯ ಕೆಥೊಲಿಕರು, ಮನೆಮಾತು ಕೊಂಕಣಿ. ನಾನೀಗ ಬೆಂಗಳೂರಿನಲ್ಲಿದ್ದೇನೆ. ಅಪ್ಪ ತೀರಿಕೊಂಡ ಮೇಲೆ ಕಪಾಟು ಖಾಲಿ ಮಾಡುವಾಗ ಹಳೆ ಕಾಗದಗಳು ಸಿಕ್ಕವು. ಅಲ್ಲಿಂದ ಈ ಹುಚ್ಚು ಹಿಡಿದಿದೆ.

ಮುತ್ತಜ್ಜನ ಜ್ಞಾನಸ್ನಾನ 1874ರಲ್ಲಿ ಆಗಿದೆ, ಅದು ಸಿಕ್ಕಿತು. ಅವರ ಅಜ್ಜ-ಅಜ್ಜಿಯ ಮದುವೆ 1832ರದ್ದು, ಅದೂ ಸಿಕ್ಕಿತು. ವಿಗಾರರು (ಇಗರ್ಜಿಯ ಮುಖ್ಯ ಪಾದ್ರಿ) ಒಳ್ಳೆಯವರು, ಎದುರಿಗೆ ಕೂತು ನೋಡಲು ಬಿಟ್ಟರು. ಅದರ ಹಿಂದೆ ಹೋಗಲು ಆಗುತ್ತಿಲ್ಲ. ಪುಸ್ತಕವೇ ಇಲ್ಲ. ಮನೆಯಲ್ಲಿ ಹಿರಿಯರು "ನಾವು ಗೋವಾದ ಬಾರ್ದೇಸಿನವರು" ಅನ್ನುತ್ತಿದ್ದರು, ಯಾವ ಊರು ಅಂತ ಯಾರಿಗೂ ಗೊತ್ತಿಲ್ಲ. ನಮ್ಮದು ಡಿಸೋಜ. 1832ರ ಮದುಮಗಳ ಮನೆತನ "ರೊಯಿಜ್" ಅಂತ ಬರೆದಿದೆ. ಅಂಥ ಮನೆತನ ನಮ್ಮ ಕಡೆ ನಾನು ಕೇಳಿಯೇ ಇಲ್ಲ.

ಬಾರ್ದೇಸಿನ ಡಿಸೋಜರನ್ನು ಹುಡುಕುತ್ತಾ ಹೋದರೆ ಊರು ಸಿಕ್ಕೀತಾ? 1800ರ ಹಿಂದೆ ಹೋದವರು ಯಾರಾದರೂ ಇದ್ದೀರಾ?

ಗಲ್ಫ್_ರೊನಿ:
ಬಾರ್ದೇಸಿನಲ್ಲಿ ಡಿಸೋಜರನ್ನು ಹುಡುಕುವುದಾ? ಮಾರಾಯ್ರೆ, ಮಾಪ್ಸಾ ಮಾರ್ಕೆಟಿನಲ್ಲಿ ನಿಂತು "ಓ ಸೋಜ್" ಅಂತ ಕರೆಯಿರಿ, ಅರ್ಧ ಮಾರ್ಕೆಟ್ ತಿರುಗಿ ನೋಡುತ್ತದೆ.

ಬೆಳ್ಮಣ್ಣು ಬಾಯಿ:
ಯಾವ ಇಗರ್ಜಿ, ಯಾವ ವಾಡೊ (ಇಗರ್ಜಿಗೆ ಸೇರಿದ ಕೇರಿ) ಅಂತ ಹೇಳಿ ಮೊದಲು. ವಾಡೊದ ಮುಖಂಡರಾದ ಗುರ್ಕಾರರ ಮನೆಯಲ್ಲಿ ವಿಚಾರಿಸಿದ್ದೀರಾ? ನಮ್ಮ ಕಡೆ ಮನೆತನಕ್ಕಿಂತ ಮನೆಯ ಹೆಸರು ಮುಖ್ಯ. "ಗುಡ್ಡೆಮನೆಯವರು", "ಹೊಳೆಬದಿಯವರು" ಅಂದರೆ ತಕ್ಷಣ ಗೊತ್ತಾಗುತ್ತದೆ. ಡಿಸೋಜ ಅಂದರೆ ಯಾರಿಗೆ ಗೊತ್ತಾಗಬೇಕು?

ಹಳೇಕಾಗದ:
ರೊಯಿಜ್ ಅನ್ನುವ ಮನೆತನ ಇಲ್ಲ. ಅದು ರೊಡ್ರಿಗಸ್. ಬರೆಯುವವರು ಕೈನೋವು ತಪ್ಪಿಸಿಕೊಳ್ಳಲು ಚಿಕ್ಕದು ಮಾಡಿ ಬರೆಯುತ್ತಿದ್ದರು. ಫೆರ್ನಾಂಡಿಸ್, ಗೊನ್ಸಾಲ್ವಿಸ್ ಎಲ್ಲ ಮೂರು ನಾಲ್ಕು ಅಕ್ಷರದಲ್ಲಿ ಮುಗಿದು ಕೊನೆಗೆ ಒಂದು ಜಡ್ ಇರುತ್ತದೆ. ಫ್ರಾನ್ಸಿಸ್ಕೊ, ಆಂತೊನಿಯೊ, ಮರಿಯಾ ಇವುಗಳಿಗೂ ಅಷ್ಟೇ, ಕೊನೆಯ ಅಕ್ಷರವನ್ನು ಮೇಲೆ ಸಣ್ಣದಾಗಿ ಬರೆದಿರುತ್ತಾರೆ.

ಇನ್ನು ಮನೆತನ ಹಿಡಿದು ಗೋವಾಕ್ಕೆ ಹೋಗುವ ವಿಚಾರ. ದಯವಿಟ್ಟು ಅದನ್ನು ಬಿಡಿ. 16ನೇ ಶತಮಾನದಲ್ಲಿ ಮತಾಂತರ ಆದಾಗ ಜ್ಞಾನಸ್ನಾನ ಕೊಟ್ಟ ಪಾದ್ರಿಯದ್ದೋ ಜ್ಞಾನಪಿತನಾಗಿ (ಗಾಡ್‌ಫಾದರ್ ಆಗಿ) ನಿಂತ ಪೋರ್ಚುಗೀಸನದ್ದೋ ಮನೆತನ ಹೊಸಬರಿಗೆ ಬಂತು. ಒಂದೇ ಮನೆಯ ಅಣ್ಣತಮ್ಮಂದಿರು ಬೇರೆ ಬೇರೆ ದಿನ ಜ್ಞಾನಸ್ನಾನ ಪಡೆದು ಬೇರೆ ಬೇರೆ ಮನೆತನದವರಾದದ್ದೂ ಇದೆ. ಎರಡು ಡಿಸೋಜ ಮನೆಗಳಿಗೆ ಸಂಬಂಧವೇ ಇರಬೇಕಾಗಿಲ್ಲ. ಒಂದು ಡಿಸೋಜ ಮನೆಗೂ ಒಂದು ಪಿಂಟೊ ಮನೆಗೂ ಒಬ್ಬನೇ ಮೂಲಪುರುಷ ಇರಬಹುದು.

ನಿಮ್ಮ 1832ರ ಮದುವೆಯ ಬರಹ ಪೂರ್ತಿ ಏನಿದೆ? ಅಕ್ಷರ ಕಂಡ ಹಾಗೆ ಇಲ್ಲಿ ಹಾಕಿ.

ಶೆಣೈ_ಕಾರ್ಕಳ:
ನಾವು ಹಿಂದೂ ಕೊಂಕಣಿಗರು, ಆದರೂ ಬಾಯಿ ಹಾಕುತ್ತೇನೆ. ನಮ್ಮಲ್ಲಿ ಊರು ಮರೆತರೂ ಕುಲದೇವರು ಮರೆತಿಲ್ಲ. ಮ್ಹಾಳಸಾ ಅಂದರೆ ಮೂಲ ವೆರ್ಣಾ, ದೇವಸ್ಥಾನ ಈಗ ಮಾರ್ದೊಳದಲ್ಲಿ. ಮಂಗೇಶ ಅಂದರೆ ಮೂಲ ಕುಶಸ್ಥಳಿ, ಈಗ ಪ್ರಿಯೋಳ. ಪೋರ್ಚುಗೀಸರ ಕಾಟಕ್ಕೆ ದೇವರನ್ನೇ ಹೊಳೆ ದಾಟಿಸಿಕೊಂಡು ಹೋದವರು ನಮ್ಮವರು. ಕುಲದೇವರಿಂದ ಊರು ತಿಳಿಯುತ್ತದೆ. ಕೆಲವು ಕೆಥೊಲಿಕ್ ಮನೆಗಳಿಗೂ ತಮ್ಮ ಹಳೆ ಕುಲದೇವರು ಯಾರು ಅಂತ ಗೊತ್ತಿದೆ. ಮನೆಯಲ್ಲಿ ಕೇಳಿ ನೋಡಿ.

ರೊಜಾರಿಯೊ_ಗಲ್ಲಿ:
ಶೆಣೈ ಸರ್ ಹೇಳಿದ್ದು ಸರಿ. ಹಳೆ ಮನೆತನವೂ ಕೆಲವರಲ್ಲಿ ಉಳಿದಿದೆ. ಲೋಬೊ-ಪ್ರಭು, ಸಲ್ಡಾನ್ಹಾ-ಶೇಟ್ ಅಂತ ಇಟ್ಟುಕೊಂಡವರು ಮಂಗಳೂರಿನಲ್ಲಿ ಇದ್ದಾರಲ್ಲ. ನಮ್ಮ ಅಜ್ಜಿ ಹೇಳುತ್ತಿದ್ದರು, ನಾವು ಮೂಲತಃ ಕಾಮತ್, ಶುದ್ಧ ಬಾಮೊಣ್ (ಬ್ರಾಹ್ಮಣ) ಅಂತ. ಜಾತಿ ಗೊತ್ತಾದರೆ ಹುಡುಕಾಟ ಅರ್ಧಕ್ಕೆ ಇಳಿಯುತ್ತದೆ.

ಬೆಳ್ಮಣ್ಣು ಬಾಯಿ:
ಎಲ್ಲರ ಅಜ್ಜಿಯೂ ಹೀಗೇ ಹೇಳುತ್ತಿದ್ದರು! ನನಗೆ ಎಪ್ಪತ್ತು ದಾಟಿತು, "ನಾವು ಸುದೀರ್ (ಶೂದ್ರರು)" ಅಂದ ಒಬ್ಬ ಅಜ್ಜಿಯನ್ನೂ ನೋಡಿಲ್ಲ. ಹಾಗಾದರೆ ಗೋವಾದಿಂದ ಬಂದವರು ಬರೀ ಬಾಮೊಣರಾ? ಗದ್ದೆ ಉತ್ತವರು ಯಾರು?

ಗಲ್ಫ್_ರೊನಿ:
ಬಾಯಿ 😂

ರೊಜಾರಿಯೊ_ಗಲ್ಲಿ:
ನಾನು ಹೆಚ್ಚುಗಾರಿಕೆಗೆ ಹೇಳಿದ್ದಲ್ಲ ಬಾಯಿ. ಗೋವಾದ ಕೆಲವು ಪುಸ್ತಕಗಳಲ್ಲಿ ಜಾತಿ ಬರೆದಿರುತ್ತದೆ, ಹುಡುಕುವುದಕ್ಕೆ ಉಪಯೋಗ ಆಗುತ್ತದೆ ಅಂದೆ ಅಷ್ಟೇ.

ಹಳೇಕಾಗದ:
ಬರೆದಿರುತ್ತದೆ, ನಿಜ. ಆದರೆ ಅಜ್ಜಿ ಹೇಳಿದ ಜಾತಿಯನ್ನು ಇಟ್ಟುಕೊಂಡು ಪುಸ್ತಕ ಹುಡುಕಬೇಡಿ. ಪುಸ್ತಕದಲ್ಲಿ ಏನಿದೆಯೋ ಅದನ್ನು ನೋಡಿ. ಬೇಕಾದ ಉತ್ತರವನ್ನು ಮೊದಲೇ ಇಟ್ಟುಕೊಂಡು ಹೋದವರು ಅದೇ ಹೆಸರಿನ ಬೇರೆ ಯಾರನ್ನೋ ಅಜ್ಜ ಮಾಡಿಕೊಂಡು ಬರುತ್ತಾರೆ.

ಕಾಪು_ಕ್ರಾಸ್:
ರೊಯಿಜ್ ಅಂದರೆ ರೊಡ್ರಿಗಸ್ಸಾ! ನಮ್ಮ ಪಕ್ಕದ ವಾಡೊ ತುಂಬಾ ರೊಡ್ರಿಗಸರೇ ಇದ್ದಾರೆ.

ಮದುವೆಯ ಬರಹ ಪೋರ್ಚುಗೀಸಿನಲ್ಲಿದೆ, ನನಗೆ ಓದಲು ಬಂದಷ್ಟು ಹೀಗಿದೆ: "ಆವೊಸ್ 12 ದೆ 9ಬ್ರೊ ದೆ 1832". ಅಂದರೆ ಸೆಪ್ಟೆಂಬರ್ 12. ಆಮೇಲೆ ಮದುಮಗನ ಹೆಸರು ಬಸ್ತ್ಯಾಂವ್, ಅವನ ಅಪ್ಪ "ಪೆದ್ರು, ದಿಗು, ಪಾವ್ಲು". ಇದು ಮೂರು ಹೆಸರಾ? ನಡುವೆ ಒಂದು ಸಾಲಿನಲ್ಲಿ "ದಿಸ್ಪೆನ್ಸಾ... ತೆರ್ಸೈರು ಗ್ರಾವು" ಅಂತ ಇದೆ, ಉಳಿದದ್ದು ಮಸುಕು. ಕೊನೆಗೆ ಇಬ್ಬರು ಸಾಕ್ಷಿಗಳ ಹೆಸರು.

ಹಳೇಕಾಗದ:
ಇದನ್ನೇ ಮೊದಲು ಹಾಕಬೇಕಿತ್ತಲ್ಲ!

ತಿಂಗಳು ಸೆಪ್ಟೆಂಬರ್ ಅಲ್ಲ, ನವೆಂಬರ್. 7, 8, 9, 10 ಅಂತ ಅಂಕೆ ಹಾಕಿ ಪಕ್ಕದಲ್ಲಿ "ಬ್ರೊ" ಬರೆದರೆ ಅವು ಸೆಪ್ಟೆಂಬರ್, ಅಕ್ಟೋಬರ್, ನವೆಂಬರ್, ಡಿಸೆಂಬರ್. ಲ್ಯಾಟಿನ್ ಪುಸ್ತಕದಲ್ಲಿ "ಬ್ರಿಸ್" ಅಂತ ಇರುತ್ತದೆ. ನವೆಂಬರ್ ಮಧ್ಯ ಅನ್ನುವುದು ಹೊಂದುತ್ತದೆ ಕೂಡ. ಅಡ್ವೆಂತ್ (ಕ್ರಿಸ್‌ಮಸ್‌ಗೆ ಮುಂಚಿನ ವಾರಗಳು) ಶುರುವಾದರೆ ಮದುವೆ ಇಲ್ಲ, ಹಾಗಾಗಿ ಅದಕ್ಕೂ ಮುಂಚೆ ಸಾಲು ಸಾಲು ಮದುವೆ ಮುಗಿಸುತ್ತಿದ್ದರು.

"ದಿಗು" ಹೆಸರಲ್ಲ. ಪೋರ್ಚುಗೀಸಿನಲ್ಲಿ "ಹೇಳುತ್ತೇನೆ" ಅಂತ ಅರ್ಥ. ಬರೆಯುವಾಗ ತಪ್ಪಾದರೆ ಹೊಡೆದುಹಾಕುವ ಬದಲು "ದಿಗು" ಅಂತ ಬರೆದು ಸರಿಯಾದದ್ದನ್ನು ಮುಂದೆ ಬರೆಯುತ್ತಿದ್ದರು. ಅಂದರೆ ಅಪ್ಪನ ಹೆಸರು ಪಾವ್ಲು. ಪೆದ್ರುವನ್ನು ಮರೆತುಬಿಡಿ.

ಈಗ ಆ ಮಸುಕು ಸಾಲು. ನಿಮ್ಮ ಇಡೀ ಹುಡುಕಾಟದ ಕೀಲಿ ಅಲ್ಲೇ ಇದೆ. ಮದುಮಗ ಮದುಮಗಳಿಗೆ ಮೂರನೇ ಹಂತದ ಸಂಬಂಧ ಇತ್ತು, ಅದಕ್ಕೆ ವಿನಾಯಿತಿ ಪಡೆದು ಮದುವೆ ಮಾಡಿದರು ಅಂತ ಅರ್ಥ. ಆ ಸಾಲಿನ ಕೊನೆಯ ಪದ ಇನ್ನೊಮ್ಮೆ ನೋಡಬೇಕು. "ಕೊನ್ಸಾಂಗ್ವಿನಿದಾದೆ" ಅಂತ ಇದ್ದರೆ ರಕ್ತಸಂಬಂಧ. "ಆಫಿನಿದಾದೆ" ಅಂತ ಇದ್ದರೆ ಮದುವೆಯಿಂದ ಬಂದ ಸಂಬಂಧ, ಉದಾಹರಣೆಗೆ ಸತ್ತ ಹೆಂಡತಿಯ ಕಡೆಯವಳು.

ಗಲ್ಫ್_ರೊನಿ:
ಮೂರನೇ ಹಂತ ಅಂದರೆ ಎಷ್ಟು ಹತ್ತಿರ?

ಹಳೇಕಾಗದ:
ಹಳೆ ಇಗರ್ಜಿ ಲೆಕ್ಕದಲ್ಲಿ ಒಡಹುಟ್ಟಿದವರು ಒಂದನೇ ಹಂತ. ಅವರ ಮಕ್ಕಳು ತಮ್ಮೊಳಗೆ ಎರಡನೇ ಹಂತ. ಮೊಮ್ಮಕ್ಕಳು ತಮ್ಮೊಳಗೆ ಮೂರನೇ ಹಂತ. ಅಂದರೆ ಹುಡುಗನಿಗೂ ಹುಡುಗಿಗೂ ಒಬ್ಬನೇ ಮುತ್ತಜ್ಜ. 1215ರಿಂದ 1917ರವರೆಗೆ ನಾಲ್ಕನೇ ಹಂತದವರೆಗೂ ಮದುವೆಗೆ ಅಡ್ಡಿ ಇತ್ತು, ಬೇಕಿದ್ದರೆ ವಿನಾಯಿತಿ ತರಬೇಕಿತ್ತು.

ಈಗ ಲೆಕ್ಕ ಹಾಕಿ. 1832ರಲ್ಲಿ ಮದುವೆ ಆದವರು 1810ರ ಹೊತ್ತಿಗೆ ಹುಟ್ಟಿರಬೇಕು. ಅವರ ಮುತ್ತಜ್ಜ ಸುಮಾರು 1720-30ರ ಹೊತ್ತಿನವನು. ವಿನಾಯಿತಿ ಕೇಳುವ ಅರ್ಜಿಯಲ್ಲಿ "ಇವನ ಅಪ್ಪ ಇಂಥವ, ಅವನಪ್ಪ ಇಂಥವ, ಮೂಲಪುರುಷ ಇಂಥವ" ಅಂತ ಎರಡೂ ಕಡೆಯ ಸಾಲು ತೋರಿಸಬೇಕಿತ್ತು. ಅಂದರೆ 1784ರ ಆಚೆಗಿನ ಹೆಸರುಗಳು 1832ರ ಕಾಗದದಲ್ಲಿ ಸಿಗಬಹುದು. ನಮ್ಮ ಕಡೆಯವರಿಗೆ ಆ ಗೋಡೆ ದಾಟಲು ಇರುವ ದಾರಿಗಳು ಬಹಳ ಕಡಿಮೆ. ಅದರಲ್ಲಿ ಇದೊಂದು.

ಕೊಪ್ಪ_ಎಸ್ಟೇಟ್:
1784ರ ಗೋಡೆ ಅಂದರೇನು? ನಾವು ಮೂರು ತಲೆಮಾರಿನಿಂದ ಕಾಫಿ ತೋಟದ ಕಡೆ ಇರುವವರು, ಊರಿನ ಚರಿತ್ರೆ ಅಷ್ಟು ಗೊತ್ತಿಲ್ಲ.

ರೊಜಾರಿಯೊ_ಗಲ್ಲಿ:
1784ರ ವಿಭೂತಿ ಬುಧವಾರ ಟಿಪ್ಪು ಕೆನರಾದ (ನಮ್ಮ ಕರಾವಳಿಯ) ಕೆಥೊಲಿಕರನ್ನು ಹಿಡಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದದ್ದು. ಇಗರ್ಜಿಗಳನ್ನು ಕೆಡವಿಸಿದ. 27 ಅಂತ ನಮ್ಮಲ್ಲಿ ಹೇಳುತ್ತಾರೆ. ಮೂಡುಬಿದಿರೆ ಹೊಸ್ಪೆಟ್‌ನ ಇಗರ್ಜಿ ಮಾತ್ರ ಚೌಟ ಅರಸರು ಹೇಳಿದ್ದಕ್ಕೆ ಉಳಿಯಿತು. ಇಗರ್ಜಿ ಹೋದ ಮೇಲೆ ಪುಸ್ತಕ ಎಲ್ಲಿಂದ ಬರಬೇಕು? 1799ರಲ್ಲಿ ಟಿಪ್ಪು ಸತ್ತ ಮೇಲೆ ಉಳಿದವರು ವಾಪಸ್ ಬಂದರು, ಮತ್ತೆ ಇಗರ್ಜಿ ಕಟ್ಟಿದರು, ಪುಸ್ತಕ ಹೊಸದಾಗಿ ಶುರು ಮಾಡಿದರು. ಅದಕ್ಕೇ ನಮ್ಮೆಲ್ಲರ ಚರಿತ್ರೆ 1800ರಲ್ಲಿ ಶುರುವಾದ ಹಾಗೆ ಕಾಣುವುದು. 60 ಸಾವಿರ ಜನ ಹೋದದ್ದು, ಬಂದವರು ಎಷ್ಟು?

ಮಂಡ್ಯದ_ಮಾತು:
60 ಸಾವಿರ ಅಂತ ಯಾರು ಎಣಿಸಿದ್ದು? ಸೆರೆಯಲ್ಲಿದ್ದ ಇಂಗ್ಲಿಷರವನೇ 30 ಸಾವಿರ ಅಂದಿದ್ದಾನೆ. ಅವರು ಇಂಗ್ಲಿಷರಿಗೆ ಸಹಾಯ ಮಾಡಿದರು ಅನ್ನುವ ಅನುಮಾನದ ಮೇಲೆ ಹಾಗೆ ಮಾಡಿದ್ದು, ಅದನ್ನೂ ಹೇಳಿ.

ರೊಜಾರಿಯೊ_ಗಲ್ಲಿ:
ಅನುಮಾನಕ್ಕೆ ಹೆಂಗಸರು ಮಕ್ಕಳನ್ನೂ ನಡೆಸಿಕೊಂಡು ಹೋಗುತ್ತಾರಾ? 30 ಸಾವಿರ ಅಂದರೆ ಕಡಿಮೆಯಾ ನಿಮಗೆ?

ಮಂಡ್ಯದ_ಮಾತು:
ಕಡಿಮೆ ಅಂದಿಲ್ಲ. ಎರಡು ಪಟ್ಟು ಮಾಡಬೇಡಿ ಅಂದೆ.

ನಿರ್ವಾಹಕ:
ಟಿಪ್ಪು ಬಗ್ಗೆ ಈಗಾಗಲೇ ಬೇರೆ ಚರ್ಚೆಗಳಿವೆ, ಅಲ್ಲಿಗೆ ಹೋಗಿ ಜಗಳ ಮಾಡಿ. ಇಲ್ಲಿ ದಾಖಲೆ ಹುಡುಕುವ ವಿಷಯ ಮಾತ್ರ. ಇದರ ಮುಂದಿನ ನಾಲ್ಕು ಉತ್ತರ ಅಳಿಸಿದ್ದೇನೆ.

ಹಾಸನದ ಚೌರಪ್ಪ:
ನಾವು ಕನ್ನಡ ಕ್ರೈಸ್ತರು. ಮಂಗಳೂರಿನವರ ಜೊತೆ ನಮ್ಮದನ್ನೂ ಸ್ವಲ್ಪ ಕೇಳಿ. ಮೈಸೂರು ಸೀಮೆಯಲ್ಲಿ 17ನೇ ಶತಮಾನದ ನಡುವಿನಲ್ಲೇ ಜೆಸುಯಿಟ್ ಪಾದ್ರಿಗಳು ಶ್ರೀರಂಗಪಟ್ಟಣಕ್ಕೆ ಬಂದಿದ್ದರು. 1799ರ ನಂತರ ಫ್ರಾನ್ಸಿನ ಪಾದ್ರಿಗಳು ಬಂದರು, ಅಬ್ಬೆ ದ್ಯುಬುವಾ ಹೆಸರು ಕೇಳಿರಬಹುದು. ಹಾಗಾಗಿ ನಮ್ಮ ಪುಸ್ತಕಗಳಲ್ಲಿ ಪೋರ್ಚುಗೀಸ್ ಇಲ್ಲ. ಲ್ಯಾಟಿನ್ ಇದೆ, ಅಂಚಿನಲ್ಲಿ ಅಲ್ಲಲ್ಲಿ ಫ್ರೆಂಚ್.

ನಮ್ಮ ತೊಂದರೆ ಬೇರೆ. ಮನೆತನವೇ ಇಲ್ಲ! ಪುಸ್ತಕದಲ್ಲಿ "ಪೆತ್ರುಸ್, ಪಾವ್ಲುಸನ ಮಗ" ಅಂತ ಇರುತ್ತದೆ. ಊರಿನಲ್ಲಿ ಅವನು ರಾಯಪ್ಪ, ಅಪ್ಪ ಚಿನ್ನಪ್ಪ. ಸಂತ ಪೇತ್ರರಿಗೆ ರಾಯಪ್ಪ ಅಂತಲೂ ಸಂತ ಪೌಲರಿಗೆ ಚಿನ್ನಪ್ಪ ಅಂತಲೂ ನಮ್ಮಲ್ಲಿ ಕರೆಯುತ್ತಿದ್ದರು. ಇಗ್ನಾಸಿ ಅಂದರೆ ಇನ್ನಾಸಪ್ಪ, ಕ್ಸೇವಿಯರ್ ಅಂದರೆ ಚೌರಪ್ಪ, ಜೋಸೆಫ್ ಅಂದರೆ ಜೋಜಪ್ಪ. ಇದು ತಿಳಿಯದೆ ಪುಸ್ತಕ ಬಿಚ್ಚಿದರೆ ಎದುರಿಗೇ ಇರುವ ತಾತ ಕಾಣುವುದಿಲ್ಲ. ಒಂದೇ ಹಳ್ಳಿಯಲ್ಲಿ ಒಂದೇ ಕಾಲಕ್ಕೆ ಮೂವರು ಚಿನ್ನಪ್ಪನ ಮಗ ರಾಯಪ್ಪ ಇದ್ದರೆ ಹೆಂಡತಿಯ ಹೆಸರು, ಜ್ಞಾನಪಿತನ ಹೆಸರು ಇವುಗಳಿಂದಲೇ ಬೇರೆ ಮಾಡಬೇಕು.

ಶೆಟ್ಟಿಹಳ್ಳಿ ಇಗರ್ಜಿಯ ಹೆಸರು ಗೊತ್ತಲ್ಲ, ಹೇಮಾವತಿ ಹಿನ್ನೀರಿನಲ್ಲಿ ನಿಂತಿರುವುದು. ಎಲ್ಲರೂ ಫೋಟೋ ತೆಗೆಯಲು ಹೋಗುತ್ತಾರೆ. ಅಲ್ಲಿ ಜ್ಞಾನಸ್ನಾನ ಪಡೆದವರ ಮೊಮ್ಮಕ್ಕಳು ಈಗ ಎಲ್ಲೆಲ್ಲಿ ಇದ್ದಾರೋ. ನಿಮ್ಮಲ್ಲಿ ಯಾರಾದರೂ ಆ ಊರಿನವರಿದ್ದರೆ ತಿಳಿಸಿ, ನಾವು ಹೆಸರು ಹೊಂದಿಸಿ ನೋಡೋಣ.

ಗಲ್ಫ್_ರೊನಿ:
ಶೆಟ್ಟಿಹಳ್ಳಿಯಲ್ಲಿ ನನ್ನ ತಂಗಿಯ ಪ್ರೀ-ವೆಡ್ಡಿಂಗ್ ಶೂಟ್ ಆಯಿತು ಸರ್. ಮಳೆಗಾಲದಲ್ಲಿ ಹೋದರೆ ಸೂಪರ್.

ಹಾಸನದ ಚೌರಪ್ಪ:
ಅದೇ ಹೇಳಿದ್ದು 🙂

ಬಲ್ಮಠ_ಬಾಸೆಲ್:
ಪ್ರೊಟೆಸ್ಟೆಂಟರ ಕಡೆಯಿಂದ ಒಂದು ಮಾತು. ಬಾಸೆಲ್ ಮಿಶನ್ ಮಂಗಳೂರಿಗೆ ಬಂದದ್ದು 1834ರಲ್ಲಿ. ನಮ್ಮ ಕೈಗೆ ಸಿಗುವ ಮೊದಲ ಹೆಸರು ಅದರ ನಂತರದ್ದೇ. ಆದರೆ ಇದ್ದಷ್ಟು ಬಹಳ ಚೆನ್ನಾಗಿದೆ. ನಮ್ಮ ಸಭೆಯ ಕುಟುಂಬ ರಿಜಿಸ್ಟರಿನಲ್ಲಿ ಒಂದು ಮನೆಗೆ ಒಂದು ಪುಟ. ಹುಟ್ಟು, ದೀಕ್ಷಾಸ್ನಾನ, ಮದುವೆ, ಸಾವು, ಎಲ್ಲಿಂದ ಬಂದರು, ಎಲ್ಲಿಗೆ ಹೋದರು, ಎಲ್ಲ ಒಂದೇ ಕಡೆ. ಹೊಸದಾಗಿ ಸೇರಿದವರ ಹಳೆ ಹೆಸರೂ ಕೆಲವು ಕಡೆ ಇದೆ. ನಮ್ಮ ಅಜ್ಜನ ಅಪ್ಪ ಹೆಂಚಿನ ಕಾರ್ಖಾನೆಗೆ ಸೇರಿದ್ದು, ಅಲ್ಲಿಂದ ಮಲಬಾರಿನ ಕಾರ್ಖಾನೆಗೆ ಹೋದದ್ದು ನನಗೆ ತಿಳಿದದ್ದೇ ಆ ಪುಟದಿಂದ.

ಮಂಗಳೂರಿನ ಬಲ್ಮಠದ ಥಿಯಾಲಜಿಕಲ್ ಕಾಲೇಜಿನಲ್ಲಿ ಹಳೆ ಕಾಗದ ಇಟ್ಟಿದ್ದಾರೆ. ಮಿಶನರಿಗಳ ವರದಿಗಳು ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿವೆ, ಹಳೆ ಫೋಟೋಗಳು ಇಂಟರ್‌ನೆಟ್ಟಿನಲ್ಲೇ ಸಿಗುತ್ತವೆ. ವರದಿಗಳು ಹಳೆ ಜರ್ಮನ್ ಕೈಬರಹ. ಈಗಿನ ಜರ್ಮನರಿಗೇ ಓದಲು ಬರುವುದಿಲ್ಲ.

ಕ್ಲಾರಾ_ಕಂಟೋನ್ಮೆಂಟ್:
ಆಂಗ್ಲೋ ಇಂಡಿಯನ್ನರಿಗೆ, ಕಂಟೋನ್ಮೆಂಟಿನಲ್ಲಿ ಇದ್ದವರಿಗೆ: ಕಂಪನಿ ಕಾಲದಲ್ಲಿ ಮದ್ರಾಸ್ ಪ್ರೆಸಿಡೆನ್ಸಿಯ ಚರ್ಚುಗಳಿಂದ ಜ್ಞಾನಸ್ನಾನ, ಮದುವೆ, ಹೂಳಿದ ಲೆಕ್ಕದ ನಕಲು ಲಂಡನ್ನಿಗೆ ಹೋಗುತ್ತಿತ್ತು. ಬೆಂಗಳೂರು ದಂಡಿನ ಚರ್ಚುಗಳೂ ಅದರಲ್ಲಿ ಬರುತ್ತವೆ. ಅವು ಬ್ರಿಟಿಷ್ ಲೈಬ್ರರಿಯಲ್ಲಿವೆ, ಮದ್ರಾಸಿನ ಸಾಲಿಗೆ "ಎನ್ 2" ಅಂತ ಗುರುತು. ಇಲ್ಲಿ ಗೆದ್ದಲು ತಿಂದ ಪುಟದ ನಕಲು ಅಲ್ಲಿ ಇರಬಹುದು. ಆದರೆ ನಕಲು ಮಾಡುವಾಗ ಹೆಸರು ಕೆಡಿಸಿದ್ದೂ ಇರುತ್ತದೆ.

ವಾಮಂಜೂರ್_ವಿನ್ಸಿ:
ಒಂದು ಪ್ರಶ್ನೆ. ನಮ್ಮ ಹಿರಿಯರು ಗೋವಾದವರು ಅಂತ ಇಗರ್ಜಿ ದಾಖಲೆಯಿಂದ ತೋರಿಸಿದರೆ ಪೋರ್ಚುಗೀಸ್ ಪಾಸ್‌ಪೋರ್ಟ್ ಸಿಗುತ್ತದಾ? ಗೋವಾದ ಫ್ರೆಂಡ್ ಒಬ್ಬನಿಗೆ ಸಿಕ್ಕಿ ಈಗ ಲಂಡನ್ ಹತ್ತಿರ ಇದ್ದಾನೆ.

ಗಲ್ಫ್_ರೊನಿ:
ಬಂತು ನೋಡಿ ಅಸಲಿ ಪ್ರಶ್ನೆ!!

ಹಳೇಕಾಗದ:
ಇಲ್ಲ. 1961ರ ಡಿಸೆಂಬರಿಗೆ ಮುಂಚೆ, ಗೋವಾ ಪೋರ್ಚುಗೀಸರ ಕೈಯಲ್ಲಿದ್ದಾಗ ಅಲ್ಲಿ ಹುಟ್ಟಿದವರು, ಅವರ ಮಕ್ಕಳು, ಮೊಮ್ಮಕ್ಕಳ ಮಾತು ಅದು. ನಮ್ಮವರು ಗೋವಾ ಬಿಟ್ಟು ಕೆಲವು ಶತಮಾನ ಆಯಿತು. ಅದಕ್ಕಾಗಿ ಯಾರಿಗೂ ದುಡ್ಡು ಕೊಡಬೇಡಿ. "ಮಾಡಿಸಿ ಕೊಡುತ್ತೇನೆ" ಅನ್ನುವವರು ಇದ್ದಾರೆ.

ವಾಮಂಜೂರ್_ವಿನ್ಸಿ:
ಸರಿ ಸರ್. ಸುಮ್ನೆ ಕೇಳಿದೆ.

ಕೊಪ್ಪ_ಎಸ್ಟೇಟ್:
ಹಾಗಾದರೆ ಡಿಎನ್‌ಎ ಟೆಸ್ಟ್ ಮಾಡಿಸಿದರೆ ಮುಗಿಯಿತಲ್ಲ? ಇಷ್ಟೆಲ್ಲ ಯಾಕೆ?

ಹಾಸನದ ಚೌರಪ್ಪ:
ಡಿಎನ್‌ಎ ಹೆಸರು ಹೇಳುವುದಿಲ್ಲ ಸರ್. ನಿಮ್ಮ ಜೊತೆ ಹೊಂದುವ ಯಾರೋ ಟೆಸ್ಟ್ ಮಾಡಿಸಿರಬೇಕು, ಅವರ ಹತ್ತಿರ ಹೆಸರುಗಳು ಇರಬೇಕು. ಆ ಹೆಸರು ಸಿಗುವುದು ಮತ್ತೆ ಪುಸ್ತಕದಿಂದಲೇ. ಅದೂ ಅಲ್ಲದೆ ನಾವೆಲ್ಲ ಒಳಗೊಳಗೇ ಮದುವೆ ಆದವರು, ದೂರದವರೂ ಹತ್ತಿರದವರ ಹಾಗೆ ಕಾಣುತ್ತಾರೆ.

ಬೆಳ್ಮಣ್ಣು ಬಾಯಿ:
ಕೊಪ್ಪದವರೇ, ನಿಮ್ಮ ಹಿರಿಯರು ಘಟ್ಟ ಹತ್ತುವ ಮುಂಚೆ ಯಾವ ಇಗರ್ಜಿಯವರು? ಅದು ಗೊತ್ತಿಲ್ಲದಿದ್ದರೆ ತೋಟದ ಕಡೆಯ ಇಗರ್ಜಿಯಲ್ಲಿ ಮೊದಲು ಆದ ಮದುವೆಯ ಪುಟ ನೋಡಿ. ಹೊರಗಿನ ಇಗರ್ಜಿಯವರಾದರೆ "ಇಂಥ ಕಡೆಯವನು" ಅಂತ ಬರೆದಿರುತ್ತಾರೆ, ಅಲ್ಲಿಂದ ಕಾಗದ ತರಿಸಬೇಕಿತ್ತು.

ಇಗರ್ಜಿ ಒಡೆದದ್ದನ್ನೂ ನೋಡಿಕೊಳ್ಳಿ. ಈಗ ನಿಮ್ಮ ಮನೆ ಯಾವ ಇಗರ್ಜಿಗೆ ಸೇರಿದೆಯೋ ಅದು ನೂರು ವರ್ಷದ ಹಿಂದೆ ಇರಲೇ ಇಲ್ಲ ಅಂತಾದರೆ ಹಳೆ ಪುಸ್ತಕ ತಾಯಿ ಇಗರ್ಜಿಯಲ್ಲಿ ಇರುತ್ತದೆ. ಬಿಷಪರ ಧರ್ಮಪ್ರಾಂತ್ಯವೂ ಹಾಗೇ. ಉಡುಪಿ ಮಂಗಳೂರಿನಿಂದ ಬೇರೆ ಆದದ್ದೇ 2012ರಲ್ಲಿ.

ಹಳೇಕಾಗದ:
ಬಾಯಿ ಹೇಳಿದ್ದಕ್ಕೆ ಇನ್ನೊಂದು ಸೇರಿಸುತ್ತೇನೆ. 1838ರಿಂದ 1886ರವರೆಗೆ ಕೆನರಾದಲ್ಲಿ ಎರಡು ಅಧಿಕಾರದ ಗಲಾಟೆ. ಪೋಪರು ಇಲ್ಲಿಯ ಇಗರ್ಜಿಗಳನ್ನು ಗೋವಾದಿಂದ ಬಿಡಿಸಿ ಕೇರಳದ ವರಾಪ್ಪುಳಕ್ಕೆ ಸೇರಿಸಿದರು, 1845ರಲ್ಲಿ ಮಂಗಳೂರು ಬೇರೆಯಾಯಿತು. ಆದರೆ ಕೆಲವರು "ನಮಗೆ ಗೋವಾದ ಪಾದ್ರಿಗಳೇ ಬೇಕು" ಅಂತ ಹಟ ಹಿಡಿದರು. ಒಂದೇ ಊರಿನಲ್ಲಿ ಅಣ್ಣ ಈ ಕಡೆ, ತಮ್ಮ ಆ ಕಡೆ. ಆ ವರ್ಷಗಳಲ್ಲಿ ನಿಮ್ಮ ಹಿರಿಯರ ಮಕ್ಕಳಲ್ಲಿ ಯಾರೋ ಒಬ್ಬರು ಪುಸ್ತಕದಲ್ಲಿ ಕಾಣದಿದ್ದರೆ ಹತ್ತಿರದ ಇನ್ನೊಂದು ಕಡೆಯ ಇಗರ್ಜಿಯಲ್ಲಿ ನೋಡಿ. ಆಮೇಲೆ ಬ್ರಹ್ಮಾವರದ ಕಡೆ ಆಲ್ವಾರಿಸ್ ಪಾದ್ರಿಗಳ ಜೊತೆ ಹೋದವರು ಆರ್ಥೊಡಾಕ್ಸ್ ಆದರು, ಅವರ ಪುಸ್ತಕ ಬೇರೆಯೇ.

ಕಾಪು_ಕ್ರಾಸ್:
ಊರಿಗೆ ಹೋಗಿ ಆ ಪುಟ ಮತ್ತೆ ನೋಡಿ ಬಂದೆ. ವಿಗಾರರು ಟಾರ್ಚ್ ಅಡ್ಡಲಾಗಿ ಹಿಡಿದರು, ಮಸುಕು ಅಕ್ಷರ ಎದ್ದು ಕಂಡಿತು. "ಕೊನ್ಸಾಂಗ್" ಅಂತ ಸ್ಪಷ್ಟ ಇದೆ. ರಕ್ತಸಂಬಂಧವೇ!

ಇನ್ನೂ ಒಂದು. ಮದುಮಗಳ ತಾಯಿಯ ಹೆಸರಿನ ಮುಂದೆ "ಸೋಜ್" ಇದೆ. ಅಂದರೆ ಸಂಬಂಧ ನಮ್ಮ ಡಿಸೋಜ ಕಡೆಯಿಂದಲೇ ಇರಬೇಕು ಅಲ್ವಾ? ಈಗ ಆ ಅರ್ಜಿ ಎಲ್ಲಿ ಹುಡುಕಲಿ?

ಹಳೇಕಾಗದ:
ಇರಬಹುದು, ಆದರೆ ಇರಲೇಬೇಕು ಅಂತಿಲ್ಲ. ಮದುಮಗನ ತಾಯಿಯ ಕಡೆಯಿಂದಲೂ ಬಂದಿರಬಹುದು. ಮನೆತನ ನೋಡಿ ಹಾರಬೇಡಿ ಅಂತ ಮೊದಲೇ ಹೇಳಿದೆ.

ಅರ್ಜಿ ಎಲ್ಲಿ ಅಂದರೆ, 1832ರಲ್ಲಿ ಕೆನರಾ ಇನ್ನೂ ಗೋವಾದ ಆರ್ಚ್‌ಬಿಷಪರ ಕೈಕೆಳಗೆ ಇತ್ತು. ಹಾಗಾಗಿ ಮೊದಲು ಕೇಳಬೇಕಾದದ್ದು ಗೋವಾದ ಆರ್ಚ್‌ಬಿಷಪರ ಕಚೇರಿಯಲ್ಲಿ. ಆದರೆ ಇಲ್ಲಿಯ ಇಗರ್ಜಿಗಳ ಮೇಲ್ವಿಚಾರಣೆಯ ಪಾದ್ರಿಯಾದ ವಿಗಾರ್ ವಾರ್‌ಗೆ ಕೆಲವು ಹಂತಗಳ ವಿನಾಯಿತಿ ಕೊಡುವ ಅಧಿಕಾರ ಇತ್ತು ಅಂತಾದರೆ ಕಾಗದ ಗೋವಾಕ್ಕೆ ಹೋಗಿರುವುದೇ ಇಲ್ಲ. ಆಗ ಇಲ್ಲೇ ಯಾವುದೋ ಕಟ್ಟಿನಲ್ಲಿ ಇರಬೇಕು, ಅಥವಾ ಗೆದ್ದಲಿನ ಹೊಟ್ಟೆಯಲ್ಲಿ. ಹೋಗುವ ಮುಂಚೆ ನಿಮ್ಮ ವಿಗಾರರಿಂದ ಒಂದು ಪತ್ರ ತೆಗೆದುಕೊಳ್ಳಿ. ಇಬ್ಬರ ಹೆಸರು, ಅಪ್ಪ-ಅಮ್ಮಂದಿರ ಹೆಸರು, ಇಗರ್ಜಿ, ತಾರೀಕು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. "ನಮ್ಮ ಮನೆತನದ ಚರಿತ್ರೆ ಬೇಕು" ಅಂದರೆ ಯಾರೂ ಕಪಾಟು ತೆರೆಯುವುದಿಲ್ಲ. "1832ರ ನವೆಂಬರಿನ ಈ ಮದುವೆಯ ವಿನಾಯಿತಿ" ಅಂದರೆ ತೆರೆಯುತ್ತಾರೆ.

ಹೋದಾಗ ಪಣಜಿಯ ಸರ್ಕಾರಿ ಆರ್ಕೈವ್ಸ್ ಕೂಡ ನೋಡಿ. 1595ರಲ್ಲಿ ಶುರುವಾದ ದಾಖಲೆಮನೆ ಅದು. ಹಳ್ಳಿಯ ಗಾಂವ್ಕಾರಿ (ಊರಿನ ಸಾಮೂಹಿಕ ಜಮೀನಿನ) ಕಾಗದಗಳೂ ಅಲ್ಲಿ ಇವೆ. ಊರು ಯಾವುದು ಅಂತ ಗೊತ್ತಾದ ಮೇಲೆ ಮಾತ್ರ ಅವು ಉಪಯೋಗಕ್ಕೆ ಬರುತ್ತವೆ. ಅದಕ್ಕೆ ಮುಂಚೆ ಅಲ್ಲಿ ಕೂತರೆ ವರ್ಷಗಟ್ಟಲೆ ಕೂರಬೇಕು.

ಸುರತ್ಕಲ್_ಸಾವಿ:
ನಾನು ಇಷ್ಟು ದಿನ ಸುಮ್ಮನೆ ಓದುತ್ತಿದ್ದೆ. ನನಗೂ ಒಂದು ಪುಟ ಸಿಕ್ಕಿದೆ, ಅಜ್ಜಿಯ ಅಮ್ಮನದ್ದು. ಅಪ್ಪನ ಹೆಸರು ಇರುವ ಜಾಗದಲ್ಲಿ ಲ್ಯಾಟಿನ್‌ನಲ್ಲಿ "ತಿಳಿಯದು" ಅಂತ ಇದೆ. ಮನೆಯಲ್ಲಿ ಹೇಳಿದೆ. ದೊಡ್ಡಮ್ಮ ಮಾತು ಬಿಟ್ಟಿದ್ದಾರೆ. "ಅದನ್ನೆಲ್ಲ ಯಾಕೆ ಅಗೆಯುತ್ತೀ" ಅಂದರು.

ರೊಜಾರಿಯೊ_ಗಲ್ಲಿ:
ಕೆಲವು ವಿಷಯ ಹೊರಗೆ ಹಾಕದಿರುವುದೇ ಒಳ್ಳೆಯದು. ಹಿರಿಯರ ಮಾನದ ಪ್ರಶ್ನೆ.

ಬೆಳ್ಮಣ್ಣು ಬಾಯಿ:
ಯಾರ ಮಾನ? ಹುಟ್ಟಿದ ಮಗುವಿನದ್ದಾ, ಹೆಸರು ಹೇಳದೆ ಓಡಿಹೋದವನದ್ದಾ? ಸಾವಿ, ನೀನು ಬರೆದಿಡು ಮಗಾ. ಇಲ್ಲಿ ಊರು, ಹೆಸರು ಹಾಕಬೇಡ, ಅಷ್ಟು ಸಾಕು. ಜ್ಞಾನಮಾತೆ ಯಾರು ಅಂತ ನೋಡಿದ್ದೀಯಾ? ಅಂಥ ಸಮಯದಲ್ಲಿ ಮಗುವನ್ನು ಎತ್ತಿಕೊಂಡು ಇಗರ್ಜಿಗೆ ಹೋದವಳು ಯಾರು ಅಂತ ತಿಳಿದರೆ ಅರ್ಧ ಕತೆ ತಿಳಿಯುತ್ತದೆ.

ಸುರತ್ಕಲ್_ಸಾವಿ:
ನೋಡಿದೆ ಬಾಯಿ. ಅಮ್ಮನ ಅತ್ತಿಗೆ. ಆಮೇಲೆ ಅವರೇ ಸಾಕಿದ್ದು ಅಂತ ಕಾಣುತ್ತದೆ, ಮದುವೆಯ ಪುಟದಲ್ಲಿ ಅವರ ಗಂಡ ಸಾಕ್ಷಿ.

ಹಳೇಕಾಗದ:
ಹೀಗೆಯೇ ಓದಬೇಕು. ಎಲ್ಲರೂ ಅಪ್ಪ-ಅಮ್ಮನ ಹೆಸರು ಬರೆದುಕೊಂಡು ಪುಟ ತಿರುಗಿಸುತ್ತಾರೆ. ಜ್ಞಾನಪಿತ, ಜ್ಞಾನಮಾತೆ, ಸಾಕ್ಷಿಗಳು ದಾರಿಯಲ್ಲಿ ಹೋಗುವವರಲ್ಲ, ನೆಂಟರು. ಆ ಹೆಸರುಗಳನ್ನೂ ಬರೆದುಕೊಳ್ಳಿ, ಮೂರು ನಾಲ್ಕು ಮಕ್ಕಳ ಪುಟ ಸೇರಿಸಿದರೆ ಯಾವ ಮನೆಗೂ ಯಾವ ಮನೆಗೂ ಸಂಬಂಧ ಅಂತ ತಾನಾಗಿ ಕಾಣುತ್ತದೆ.

ಕಾಪು_ಕ್ರಾಸ್:
ಅದನ್ನೂ ಮಾಡುತ್ತೇನೆ ಸರ್. ಒಂದು ಕೇಳುವುದಿತ್ತು, ಮನೆಯಲ್ಲೇ ಕೂತು ನೋಡಲು ಏನೂ ಇಲ್ಲವಾ? ಹಿರಿಯರನ್ನು ಹುಡುಕುವ ವೆಬ್‌ಸೈಟ್ ಫ್ಯಾಮಿಲಿಸರ್ಚ್‌ನಲ್ಲಿ ಹೆಸರು ಹಾಕಿದರೆ ಬ್ರೆಜಿಲ್‌ನ ಡಿಸೋಜರೇ ಬರುತ್ತಾರೆ.

ಕ್ಲಾರಾ_ಕಂಟೋನ್ಮೆಂಟ್:
ಅಲ್ಲಿ ಹೆಸರು ಹಾಕಿ ಹುಡುಕಬೇಡಿ. ಕ್ಯಾಟಲಾಗ್‌ಗೆ ಹೋಗಿ ಊರಿನ ಹೆಸರು ಹಾಕಿ. ಎಷ್ಟೋ ಪುಸ್ತಕಗಳ ಫೋಟೋ ಮಾತ್ರ ಇರುತ್ತದೆ, ಹೆಸರುಗಳ ಪಟ್ಟಿ ಮಾಡಿರುವುದಿಲ್ಲ. ಪುಟ ಪುಟ ತಿರುಗಿಸಿಯೇ ನೋಡಬೇಕು. ಕೆಲವು ಮನೆಯಿಂದ ತೆರೆಯುವುದಿಲ್ಲ, ಅವರ ಸೆಂಟರಿಗೆ ಹೋಗಬೇಕು. ಲಾಗಿನ್ ಉಚಿತ.

ಶೆಣೈ_ಕಾರ್ಕಳ:
ಕಾಪುವಿನವರೇ, ಗೋವಾಕ್ಕೆ ಯಾವಾಗ ಹೋಗುತ್ತೀರಿ? ನಾವು ಮಾರ್ದೊಳಕ್ಕೆ ಹೋಗುವವರಿದ್ದೇವೆ, ಕಾರಿನಲ್ಲಿ ಜಾಗ ಇದೆ. ಪಣಜಿಯಲ್ಲಿ ಇಳಿಸುತ್ತೇನೆ.

ಕಾಪು_ಕ್ರಾಸ್:
ಖಂಡಿತ ಬರುತ್ತೇನೆ ಸರ್, ಮೆಸೇಜ್ ಹಾಕಿದ್ದೇನೆ. ವಿಗಾರರ ಪತ್ರ ಕೈಗೆ ಬರಲಿ.

ಗಲ್ಫ್_ರೊನಿ:
ಬರುವಾಗ ಬಾರ್ದೇಸಿನ ಚೊರೀಸ್ (ಹಂದಿ ಮಾಂಸದ ಸಾಸೇಜ್) ತನ್ನಿ. ಹಿರಿಯರು ಸಿಗದಿದ್ದರೂ ನಷ್ಟ ಇಲ್ಲ.

ಶೆಣೈ_ಕಾರ್ಕಳ:
ನನ್ನ ಕಾರಿನಲ್ಲಿ ಚೊರೀಸ್ ಇಲ್ಲ 🙏

ಶಿವಮೊಗ್ಗ_ಸಿಲ್ವಿ:
ನಮ್ಮ ಇಗರ್ಜಿಯಲ್ಲಿ ಪುಸ್ತಕ ಮುಟ್ಟಲೇ ಬಿಡುವುದಿಲ್ಲ, ಸರ್ಟಿಫಿಕೇಟ್ ಮಾತ್ರ ಕೊಡುತ್ತೇವೆ ಅನ್ನುತ್ತಾರೆ. ಅದರಲ್ಲಿ ಜ್ಞಾನಪಿತರ ಹೆಸರು ಬಿಟ್ಟರೆ ಬೇರೆ ಏನೂ ಇಲ್ಲ. ಏನು ಮಾಡಬಹುದು?

ಬೆಳ್ಮಣ್ಣು ಬಾಯಿ:
ಕಚೇರಿ ಗಲಾಟೆ ಇಲ್ಲದ ದಿನ ಹೋಗಿ, ಭಾನುವಾರ ಬೇಡ. ವರ್ಷ ಸರಿಯಾಗಿ ಹೇಳಿ. ಪುಸ್ತಕ ಕೊಡಬೇಡಿ ಫಾದರ್, ನೀವೇ ಓದಿ ಹೇಳಿ, ನಾನು ಬರೆದುಕೊಳ್ಳುತ್ತೇನೆ ಅನ್ನಿ. ಅಂಚಿನಲ್ಲಿ ಬರೆದದ್ದನ್ನೂ ಓದಲು ಹೇಳಿ.

ನಿರ್ವಾಹಕ:
ಸಿಲ್ವಿ ಅವರೇ, ನಿಮ್ಮ ಪ್ರಶ್ನೆಗೆ ಬೇರೆ ಚರ್ಚೆ ತೆರೆದಿದ್ದೇನೆ, ಇಗರ್ಜಿ ಹೆಸರು ಹಾಕದೆ ಅಲ್ಲಿ ಬರೆಯಿರಿ. ಕಾಪು_ಕ್ರಾಸ್ ಗೋವಾದಿಂದ ಬಂದು ಬರೆಯುವವರೆಗೆ ಇದು ತೆರೆದಿರುತ್ತದೆ.